ಕರಾಚಿಯಿಂದ ಒಂಟಿ ತರಿಸಿದ ಆ ಆಸ್ಟ್ರೇಲಿಯಾದ ಕುರಿ ಸಾಹುಕಾರ, ಇವ ಎಂಥಾ ರಾಜಕಾರಣಿ?

ಕೊಥ್ರೂಡ್_ಪಾಟೀಲ:
ನಮಸ್ಕಾರ್ರಿ ಎಲ್ಲಾರಿಗೂ. ಹಳೇ ಮುಂಬೈ ಪ್ರೆಸಿಡೆನ್ಸಿ ಬಗ್ಗೆ ಓದಾಕತ್ತಿದ್ದೆ, ಕರಾಚಿನೂ ಆಗ ಮುಂಬೈ ಕೆಳಗ ಇತ್ತಲ್ಲ, ಅಲ್ಲಿಂದ 1866ರ ಸುಮಾರಿಗೆ ಥಾಮಸ್ ಎಲ್ಡರ್ ಅನ್ನಾಂವ ಹಡಗದಾಗ ಒಂಟಿ ತುಂಬಿ ಆಸ್ಟ್ರೇಲಿಯಾಕ್ಕ ತರಿಸಿಕೊಂಡಾನಂತ. ಒಂದ್ ಕಡೆ ಕುರಿ ಸಾಕಾಂವ ಅಂತ ಐತಿ, ಇನ್ನೊಂದ್ ಕಡೆ ಮೇಲ್ಮನಿ ಮೆಂಬರ್ ಅಂತ. ಇಲ್ಲಿ ಸಾಂಗ್ಲಿ ಕೊಲ್ಹಾಪುರ ಕಡೆ ಸಕ್ಕರಿ ಕಾರ್ಖಾನಿ ಚೇರ್ಮನ್ ಆದಾವ್ರು ಆಮ್ಯಾಲೆ ಆಮದಾರ (ಶಾಸಕ) ಆಗ್ತಾರಲ್ಲ, ಹಂಗೇನ್ರಿ ಇವಂದೂ?

ಡೊಂಬಿವಲಿ_ರಾವ್:
ಅರ್ಧ ಹೌದು ಸರ್. ಸಕ್ಕರೆ ಸಾಹೇಬ್ರಿಗೆ ಸಣ್ಣ ರೈತರ ವೋಟು ಬೇಕೇ ಬೇಕು, ಇವನಿಗೆ ಆ ತಲೆನೋವೇ ಇರ್ಲಿಲ್ಲ. ಅವನಿದ್ದ ದಕ್ಷಿಣ ಆಸ್ಟ್ರೇಲಿಯಾ ವಸಾಹತಿನಲ್ಲಿ ಕೆಳಮನೆಗೆ 1856ರ ಸಂವಿಧಾನದಲ್ಲೇ ಗಂಡಸರಿಗೆಲ್ಲ ವೋಟು, ಮೇಲ್ಮನೆಗೆ ಮಾತ್ರ ಆಸ್ತಿ ಇದ್ದೋರದ್ದೇ. ಎಲ್ಡರ್ ಕೂತಿದ್ದು ಮೇಲ್ಮನೇಲಿ, 1863ರಿಂದ 69, ಮತ್ತೆ 71ರಿಂದ 78. ಕುರಿ ಮೇಯೋ ಜಮೀನೆಲ್ಲ ಹೆಚ್ಚಾಗಿ ಸರ್ಕಾರದ ಲೀಸು, ಬಾಡಿಗೆ ಎಷ್ಟು, ಎಷ್ಟು ವರ್ಷ ಅನ್ನೋ ಕಾನೂನು ಆಗೋದು ಅದೇ ಪಾರ್ಲಿಮೆಂಟಲ್ಲಿ, ಅಂದ್ಮೇಲೆ ಕುರಿ ದೊರೆಗಳು ಅಲ್ಲಿ ಹೋಗಿ ಕೂರದೆ ಇನ್ನೆಲ್ಲಿ ಕೂರ್ತಾರೆ?

ಇನ್ನೊಂದು, ಈತ ಕೋಲು ಹಿಡಿದು ಕುರಿ ಕಾಯ್ದೋನಲ್ಲ. ಸ್ಕಾಟ್ಲೆಂಡಿನ ವ್ಯಾಪಾರಿ ಮನೆತನ, 1854ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ರಾಜಧಾನಿ ಅಡಿಲೇಡ್‌ಗೆ ಬಂದ, 1863ರಲ್ಲಿ ತಂಗಿ ಗಂಡ ರಾಬರ್ಟ್ ಬಾರ್ ಸ್ಮಿತ್ ಜೊತೆ ಎಲ್ಡರ್ ಸ್ಮಿತ್ ಕಂಪನಿ. ಭಾರೀ ದುಡ್ಡು ಬಂದಿದ್ದು ವಲರೂ, ಮೂಂಟಾ ತಾಮ್ರದ ಗಣಿಗೆ ಸಾಲ ಕೊಟ್ಟಿದ್ರಿಂದ. ತಮಾಷೆ ನೋಡಿ, ಆ ತಾಮ್ರ ಕಂಡಿದ್ದು ನಿಜವಾದ ಕುರಿಗಾಹಿಗಳು, ವಾಲ್ಟರ್ ಹ್ಯೂಸ್ ಅನ್ನೋನ ಹತ್ರ ಕೂಲಿಗಿದ್ದವರು.

ವಾಸ್ಕೋ_ಶೆಟ್ಟಿ:
ಒಂಟೆ ವಿಷಯ ಯಾರೂ ಹೇಳ್ಳೇ ಇಲ್ವಲ್ಲ ಮಾರಾಯ್ರೆ. 120ರ ಆಸುಪಾಸು ಒಂಟೆ, ಜೊತೆಗೆ 31 ಜನ ಒಂಟೆಯವರು, ಪೋರ್ಟ್ ಆಗಸ್ಟಾದಲ್ಲಿ ಇಳಿದು ಬೆಲ್ಟಾನಾ ಅನ್ನುವ ಅವನ ಸ್ಟೇಷನ್ನಿಗೆ (ಕುರಿ ಸಾಕುವ ದೊಡ್ಡ ಜಮೀನಿಗೆ) ಹೋದದ್ದು. ಬಂದ ಹೊಸತರಲ್ಲಿ ಕಜ್ಜಿ ಬಂದು ತುಂಬಾ ಸತ್ತವು. ಉಳಿದದ್ದರಲ್ಲಿ ತಳಿ ಮಾಡಿದ್ರು, ನೀರಿಲ್ಲದ ಒಳನಾಡಿಗೆ ಸಾಮಾನು ಹೊತ್ತದ್ದು ಅವೇ. ಆದ್ರೆ ಆ ಬೆಲ್ಟಾನಾ ಇದ್ದದ್ದು ಅದ್ನ್ಯಾಮತಾನ ಅನ್ನುವ ಮೂಲನಿವಾಸಿ ಜನರ ನೆಲದಲ್ಲಿ, ಲೀಸು ಬರೆದು ಕೊಡುವಾಗ ಅವರನ್ನು ಯಾರು ಕೇಳಿದ್ದು?

1873ರಲ್ಲಿ ಎಲ್ಡರ್ ಮತ್ತೆ ಹ್ಯೂಸ್ ಸೇರಿ ದುಡ್ಡು ಹಾಕಿ ವಾರ್ಬರ್ಟನ್ ಅನ್ನುವ ಅನ್ವೇಷಕನನ್ನು ಆಸ್ಟ್ರೇಲಿಯಾದ ನಡುಭಾಗದ ಆಲಿಸ್ ಸ್ಪ್ರಿಂಗ್ಸ್‌ನಿಂದ ಪಶ್ಚಿಮಕ್ಕೆ ಕಳಿಸಿದ್ರು. 17 ಒಂಟೆ ಹೊರಟದ್ದು, ಮರುಭೂಮಿ ದಾಟುವಾಗ ಉಳಿದದ್ದು 2, ಬಾಕಿಯಲ್ಲಿ ಸುಮಾರು ಒಂಟೆಗಳನ್ನು ಹಸಿವಿಗೆ ಕಡಿದು ತಿಂದ್ರು. ನೀರಿನ ಜಾಗ ತೋರಿಸ್ಲಿಕ್ಕೆ ಅಲ್ಲಿನ ಮೂಲನಿವಾಸಿಗಳನ್ನು ಹಿಡಿದು ಕಟ್ಟಿ ಹಾಕಿದ್ದೂ ಉಂಟು. ಈ ವಾರ್ಬರ್ಟನ್ ಮೊದಲು ಕಂಪನಿ ಸರ್ಕಾರದ ಮುಂಬೈ ಸೈನ್ಯದಲ್ಲಿದ್ದವ ಗೊತ್ತುಂಟಾ.

ಡೊಂಬಿವಲಿ_ರಾವ್:
ಮೇಡಂ ಎಲ್ಲ ಒಪ್ಪಿದೆ, ಆದ್ರೆ ಅವನ ದಾನವೂ ಚಿಕ್ಕದಲ್ಲ. 1874ರಲ್ಲಿ ಅಡಿಲೇಡ್ ಯೂನಿವರ್ಸಿಟಿಗೆ 20,000 ಪೌಂಡ್. ಮದುವೆ ಆಗ್ಲಿಲ್ಲ, 1897ರಲ್ಲಿ ತೀರಿಕೊಂಡಾಗ ಆರ್ಟ್ ಗ್ಯಾಲರಿಗೆ 25,000 ಬರೆದಿಟ್ಟಿದ್ದ. ಮೇಲ್ಮನೇಲಿ ಅಷ್ಟು ವರ್ಷ ಕೂತಿದ್ದಕ್ಕಿಂತ ಇದೇ ದೊಡ್ಡದು ಅಂತ ನನಗನ್ಸುತ್ತೆ.

ವಾಸ್ಕೋ_ಶೆಟ್ಟಿ:
ದಾನ ಅಡಿಲೇಡಿಗೆ ಆಯ್ತು. ಬೆಲ್ಟಾನಾದವರಿಗೆ?

ಕೊಥ್ರೂಡ್_ಪಾಟೀಲ:
ಥ್ಯಾಂಕ್ಸ್ ರೀ ಇಬ್ಬರಿಗೂ, ಭಾಳ ತಿಳೀತು. ವಾರ್ಬರ್ಟನ್ ಮುಂಬೈ ಸೈನ್ಯದಾಂವ ಅನ್ನೋದು ನಂಗ ಹೊಸಾದು. ಮುಂದಿನ ವಾರ ಮುಂಬೈಗೆ ಹೊಂಟೀನಿ, ಎಲ್ಫಿನ್‌ಸ್ಟನ್ ಕಾಲೇಜ್ ಬಿಲ್ಡಿಂಗಿನ ಆರ್ಕೈವ್ಸ್‌ನಾಗ ಕರಾಚಿ ಬಂದರದ ಕಾಗದಾ ಏನರ ಸಿಗ್ತಾವನ ನೋಡ್ತೀನಿ, ಒಂಟಿಯವ್ರ ಹೆಸರು ಸಿಕ್ಕರ ಇಲ್ಲೇ ಹಾಕ್ತೀನಿ.