ಬೈಟ್ ಸರಿ ಮಾಡಿಸಿದರೆ ಸೈನಸ್ ಹೋಗುತ್ತದಾ?

ಸುಮಾ_ಮೈಸೂರು: ನನ್ನ ಅಕ್ಕನಿಗೆ ಕಣ್ಣಿನ ಕೆಳಗೆ, ಕೆನ್ನೆಯಲ್ಲಿ ಭಾರ. ಬಾಯಿ ತೆರೆದರೆ ಕಿವಿ ಹತ್ತಿರ ಟಕ್ ಅನ್ನುತ್ತದೆ. ಸೈನಸ್ ಎಂದು ಆಂಟಿಬಯಾಟಿಕ್ ನುಂಗಿದ್ದೇ ಬಂತು. ಈಗ ಒಬ್ಬ ದಂತವೈದ್ಯರು, ಹಲ್ಲು ತೇಯ್ದು ಬೈಟ್ (ಮೇಲಿನ, ಕೆಳಗಿನ ಹಲ್ಲುಗಳು ಕೂಡುವ ರೀತಿ) ಸರಿ ಮಾಡಿದರೆ ಸೈನಸ್ಸೂ ಹೋಗುತ್ತದೆ ಎನ್ನುತ್ತಿದ್ದಾರೆ. ನಿಜವಾ?

ಶಿರಸಿ_ಹುಡುಗ: ಇರಬಹುದು. 1934ರಲ್ಲೇ ಜೇಮ್ಸ್ ಕಾಸ್ಟೆನ್ ಎಂಬ ಅಮೆರಿಕದ ಇಎನ್‌ಟಿ ವೈದ್ಯರು ದವಡೆ ಕೀಲಿಗೂ ಕಿವಿ, ಸೈನಸ್ ತೊಂದರೆಗೂ ನಂಟಿದೆ ಎಂದು ಬರೆದಿದ್ದರು. ರಾತ್ರಿ ಹಲ್ಲಿನ ಮೇಲೆ ಕೂರುವ ಪ್ಲೇಟ್ ಹಾಕಿಕೊಂಡ ಮೇಲೆ ನನ್ನ ಮುಖದ ಭಾರವೂ ಇಳಿಯಿತು.

ಡೆಂಟಲ್_ವಿಜಯಾ: ಕಾಸ್ಟೆನ್ ಕಂಡ ನೋವು ನಿಜ, ಹೇಳಿದ ಕಾರಣ ಮಾತ್ರ ನಿಲ್ಲಲಿಲ್ಲ. ದವಡೆ ಜಾಗ ತಪ್ಪಿ ನರವನ್ನು ಒತ್ತುತ್ತದೆ ಎಂದಿದ್ದರು, ಅಂಗರಚನೆ ಬಲ್ಲವರು ಅದನ್ನು ಒಪ್ಪಲಿಲ್ಲ. ದವಡೆ ಕೀಲು, ಅಗಿಯುವ ಸ್ನಾಯು, ಮೇಲಿನ ಹಲ್ಲು, ಕೆನ್ನೆಯ ಸೈನಸ್ (ಮೂಳೆಯೊಳಗಿನ ಟೊಳ್ಳು ಜಾಗ), ಇಷ್ಟರ ನೋವೂ ಮುಖದ ನೋವು ತಿಳಿಸುವ ಟ್ರೈಜೆಮಿನಲ್ ನರದ ಕವಲುಗಳಲ್ಲೇ ಮಿದುಳಿಗೆ ಹೋಗುತ್ತದೆ. ಸ್ನಾಯು ಹಿಡಿದುಕೊಂಡರೂ ಸೈನಸ್ಸೇ ನೋಯುತ್ತಿದೆ ಅನ್ನಿಸುವುದು ಅದಕ್ಕೇ. ನಿಮ್ಮ ಪ್ಲೇಟ್ ಸ್ನಾಯುವಿಗೆ ಆರಾಮ ಕೊಟ್ಟಿರಬೇಕು. ಸೈನಸ್ ಒಳಗಿನ ಕೀವು, ಊತ ಕೀಲಿನಿಂದ ಬರುವುದಲ್ಲ.

ಶಿರಸಿ_ಹುಡುಗ: ಹಾಗಾದರೆ ಹಲ್ಲಿಗೂ ಸೈನಸ್ಸಿಗೂ ಸಂಬಂಧವೇ ಇಲ್ಲವಾ ಮೇಡಂ?

ಡೆಂಟಲ್_ವಿಜಯಾ: ಇದೆ, ಆದರೆ ದಾರಿ ಬೇರೆ. ಮೇಲಿನ ದವಡೆ ಹಲ್ಲಿನ ಬೇರುಗಳು ಸೈನಸ್ಸಿನ ತಳಕ್ಕೆ ತೀರಾ ಹತ್ತಿರ. ಬೇರಿನಲ್ಲಿ ಕೀವಾದರೆ ಸೋಂಕು ಮೇಲೇರಬಹುದು. ಒಂದೇ ಹೊಳ್ಳೆ ಸೋರಿ ಕೆಟ್ಟ ವಾಸನೆ ಬಂದರೆ ಹಲ್ಲಿನ ಮೇಲೆ ಅನುಮಾನ ಪಡಬೇಕು. ಇದನ್ನು ಬಿಟ್ಟು ಮೂಗಿಗೆ ಮಾತ್ರ ಔಷಧಿ ಕೊಡುತ್ತಾ ಹೋದರೆ ವಾಸಿಯಾಗುವುದಿಲ್ಲ.

ಉಡುಪಿ_ಅಪ್ಪ: ಮಕ್ಕಳಲ್ಲಿ ಉಲ್ಟಾನೂ ಇದೆ. ಮೂಗು ಕಟ್ಟಿ ಸದಾ ಬಾಯಲ್ಲೇ ಉಸಿರಾಡಿದರೆ ಅಂಗುಳ ಕಿರಿದಾಗಿ ಹಲ್ಲಿನ ಸಾಲು ಕೆಡಬಹುದು. ನನ್ನ ಮಗಳಿಗೆ ಬರೀ ಕ್ಲಿಪ್ ಹಾಕಿಸುವ ಮಾತು, ಮೂಗಿನ ಹಿಂದೆ ಬೆಳೆಯುವ ಅಡೆನಾಯ್ಡ್ ಗಡ್ಡೆಯ ಕಡೆ ಯಾರೂ ನೋಡಲೇ ಇಲ್ಲ.

ಸುಮಾ_ಮೈಸೂರು: ಅಕ್ಕನಿಗೆ ಮೂಗು ಸೋರುವುದಿಲ್ಲ, ವಾಸನೆಯೂ ಇಲ್ಲ. ಬೆಳಿಗ್ಗೆ ಎದ್ದಾಗ ನೋವು ಜಾಸ್ತಿ.

ಡೆಂಟಲ್_ವಿಜಯಾ: ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರಾ ನೋಡಿ. ಮೈಗ್ರೇನ್ ಕೂಡ ಹೀಗೇ ಕಾಣಿಸುತ್ತದೆ, ಅದನ್ನೂ ವಿಚಾರಿಸಿ. ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ, ಅವರು ಹೇಳಿದರೆ ಸಿಟಿ ಸ್ಕ್ಯಾನ್ ಮಾಡಿಸಿ. ಸೈನಸ್ ಚೆನ್ನಾಗಿದ್ದರೆ ಮೆತ್ತನೆಯ ಊಟ, ಬಿಸಿ ಶಾಖ, ದವಡೆ ವ್ಯಾಯಾಮ, ಪ್ಲೇಟ್ ಸಾಕಾಗಬಹುದು. ತೇಯ್ದ ಹಲ್ಲನ್ನು ಮೊದಲಿನಂತೆ ಮಾಡಲು ಆಗುವುದಿಲ್ಲ, ದಯವಿಟ್ಟು ಅದಕ್ಕೆ ಈಗಲೇ ಒಪ್ಪಬೇಡಿ.

ಸುಮಾ_ಮೈಸೂರು: ಸಿಟಿಯಲ್ಲಿ ಹಲ್ಲಿನ ಬೇರೂ ಕಾಣುತ್ತದಾ?

ಡೆಂಟಲ್_ವಿಜಯಾ: ಕಾಣುತ್ತದೆ. ಮೇಲಿನ ಹಲ್ಲಿನ ಬೇರುಗಳನ್ನೂ ನೋಡಬೇಕು ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ.