ಲಿನಕ್ಸ್ ಕರ್ನಲ್ 6.1ರಿಂದ 6.6ಕ್ಕೆ ಹೋದ ಮೇಲೆ ನ್ಯಾಂಡ್ ಫ್ಲ್ಯಾಶ್ ಓದೋದು ಕೆಟ್ಟಿದೆ: ಚಿಪ್ ಹೋಯ್ತಾ, ಡ್ರೈವರ್ ಕೈಕೊಡ್ತಾ?

ಪೀಣ್ಯ_ಬೋರ್ಡ್

ನಮಸ್ಕಾರ. ಕಾರ್ಖಾನೆಗಳ ಕರೆಂಟ್ ಮೀಟರ್‌ನಿಂದ ರೀಡಿಂಗ್ ತರುವ ಚಿಕ್ಕ ಗೇಟ್‌ವೇ ನಮ್ಮದು. ಕಾರ್ಟೆಕ್ಸ್-ಎ8 ಬೋರ್ಡ್, 256 ಎಂಬಿ ಎಸ್‌ಎಲ್‌ಸಿ (ಸೆಲ್‌ಗೆ ಒಂದೇ ಬಿಟ್) ನ್ಯಾಂಡ್, ಪೇಜ್ (ಒಮ್ಮೆಗೆ ಓದುವ ತುಂಡು) 2048 ಬೈಟ್, ಬ್ಲಾಕ್ (ಒಮ್ಮೆಗೆ ಅಳಿಸುವ ತುಂಡು) 128 ಕೆಬಿ. ಅದರ ಮೇಲೆ ಯುಬಿಐ (ಫ್ಲ್ಯಾಶನ್ನು ವಾಲ್ಯೂಮ್‌ಗಳಾಗಿ ನೋಡಿಕೊಳ್ಳುವ ಪದರ), ಯುಬಿಐ ಮೇಲೆ ಸ್ಕ್ವಾಶ್‌ಎಫ್‌ಎಸ್ (ಓದೋಕೆ ಮಾತ್ರ ಆಗುವ, ಕುಗ್ಗಿಸಿದ ಫೈಲ್‌ಸಿಸ್ಟಮ್) ರೂಟ್. 6.1ರಲ್ಲಿ ಒಂದು ತಕರಾರೂ ಇರಲಿಲ್ಲ. ಬೋರ್ಡ್ ಕೊಟ್ಟವರ ಹೊಸ 6.6 ಟ್ರೀ (ಕರ್ನಲ್ ಸೋರ್ಸ್) ಹಾಕಿದ ದಿನದಿಂದ ಕಾಟ ಶುರು.

ಯುಬಿಐ ಅಟ್ಯಾಚ್ ಚೆನ್ನಾಗೇ ಆಗುತ್ತದೆ, ವಾಲ್ಯೂಮ್‌ಗಳೆಲ್ಲ ಕಾಣುತ್ತವೆ. ಮೌಂಟ್ ಮಾಡಿದ ಕೂಡಲೇ ಸ್ಕ್ವಾಶ್‌ಎಫ್‌ಎಸ್ 'ಡೇಟಾ ಕರಪ್ಟ್ ಆಗಿರಬಹುದು' ಅಂತ ಕೈ ಎತ್ತುತ್ತದೆ. ಅದೂ ಪ್ರತಿ ಸಲ ಅಲ್ಲ. ಅದೇ ಬೋರ್ಡ್‌ಗೆ 6.1 ಹಾಕಿದರೆ ಏನೂ ಆಗದವರ ಹಾಗೆ ಬೂಟ್ ಆಗುತ್ತದೆ. ಮ್ಯಾನೇಜರ್ ಮಾತ್ರ 'ಫ್ಲ್ಯಾಶ್ ಲಾಟ್ ಸರಿ ಇಲ್ಲ, ಬೇರೆ ತರಿಸಿ' ಅಂತ ಕೂತಿದ್ದಾರೆ. ಎಲ್ಲಿಂದ ಹುಡುಕಲಿ?

ಹಳೇ_ಕನ್ಸೋಲ್

ಸದ್ಯಕ್ಕೆ ಚಿಪ್ ಆರ್ಡರ್ ಮಾಡಬೇಡಿ. ಹಳೇ ಕರ್ನಲ್ ಸರಿಯಾಗಿ ಓದುತ್ತದೆ ಅಂದ ಮೇಲೆ ಫ್ಲ್ಯಾಶ್‌ನಲ್ಲಿರುವ ಡೇಟಾ ನೆಟ್ಟಗಿದೆ, ಓದುವ ದಾರಿ ಕೆಟ್ಟಿದೆ. ಮ್ಯಾನೇಜರ್‌ಗೆ ತೋರಿಸೋಕೆ ಒಂದು ಸಾಕ್ಷಿ ಬೇಕಲ್ವಾ? ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಸ್ಥಿತಿ ತೋರಿಸುವ ಫೈಲ್‌ಗಳು) ಆ ಎಂಟಿಡಿ (ಲಿನಕ್ಸ್‌ನ ಫ್ಲ್ಯಾಶ್ ಪದರ) ಪಾರ್ಟಿಶನ್ ಕೆಳಗೆ 'ಇಸಿಸಿ ಫೇಲ್ಯೂರ್ಸ್' ಅಂತ ಒಂದು ಫೈಲ್ ಇದೆ. ಇಸಿಸಿ ಅಂದರೆ ಬಿಟ್ ತಪ್ಪು ಹಿಡಿದು ತಿದ್ದುವ ಕೋಡ್, ಅದು ಸೋತ ಲೆಕ್ಕ ಇದು. ಮೌಂಟ್ ಫೇಲ್ ಆಗುವ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ನೋಡಿ. ಚಿಪ್ ಸಾಯುತ್ತಿದ್ದರೆ ಆ ಲೆಕ್ಕ ಏರಬೇಕು, ಲಾಗ್‌ನಲ್ಲಿ -74 (ಇಸಿಸಿಗೆ ತಿದ್ದಲಾಗದ ಓದು) ಕಾಣಬೇಕು.

ಆಮೇಲೆ ಈ ಟೆಸ್ಟ್ ಮಾಡಿ. ಎಂಟಿಡಿಯ ಕ್ಯಾರೆಕ್ಟರ್ ಡಿವೈಸ್‌ನಿಂದಲೇ ಓದಿ. ಎಂಟಿಡಿಬ್ಲಾಕ್ ಬೇಡ, ನಡುವೆ ಪೇಜ್ ಕ್ಯಾಶ್ (ಕರ್ನಲ್ ಮೆಮೊರಿಯಲ್ಲಿಡುವ ನಕಲು) ಬಂದು ದಾರಿ ತಪ್ಪಿಸುತ್ತದೆ. ಡೇಟಾ ಇರುವ ಒಂದು ಬ್ಲಾಕ್ ಆರಿಸಿ. ಮೊದಲು ಡಿಡಿ ಕಮಾಂಡ್‌ನಲ್ಲಿ ಬಿಎಸ್ (ಒಂದು ಸಲಕ್ಕೆ ಓದುವ ಅಳತೆ) 2048 ಇಟ್ಟು ಪೂರ್ತಿ ಬ್ಲಾಕ್ ಓದಿ ಫೈಲ್ ಮಾಡಿಕೊಳ್ಳಿ. ನಂತರ ಅದೇ ಬ್ಲಾಕ್‌ನ ಮೊದಲ 512 ಬೈಟ್ ಮಾತ್ರ ಓದಿ. ತಕ್ಷಣ ಬಿಎಸ್ 128 ಕೆಬಿ ಇಟ್ಟು ಅದೇ ಬ್ಲಾಕ್ ಒಂದೇ ಏಟಿಗೆ ಓದಿ. ಮೊದಲನೇ ಓದಿನ ಫೈಲ್, ಈ ಕೊನೇ ಓದಿನ ಫೈಲ್ ಎರಡನ್ನೂ ಹೋಲಿಸುವ ಸಿಎಂಪಿ ಕಮಾಂಡ್‌ಗೆ ಕೊಡಿ. ನಡುವಿನ ಆ 512 ಬೈಟ್ ಓದೋದು ಬಿಡಬೇಡಿ, ಕಾರಣ ಆಮೇಲೆ ಹೇಳುತ್ತೇನೆ.

ಅಲ್ಲಿವರೆಗೂ 6.6ರಲ್ಲಿ ಏನನ್ನೂ ರೀಡ್-ರೈಟ್ ಮೌಂಟ್ ಮಾಡಬೇಡಿ.

ಪೀಣ್ಯ_ಬೋರ್ಡ್

ಇಸಿಸಿ ಲೆಕ್ಕ ಅಲುಗಾಡಿಲ್ಲ. -74 ಎಲ್ಲೂ ಇಲ್ಲ. ಸಿಎಂಪಿ 2049ನೇ ಬೈಟ್‌ನಲ್ಲಿ ವ್ಯತ್ಯಾಸ ಅಂತ ಹೇಳಿತು! ಹೆಕ್ಸ್‌ಡಂಪ್ ತೆಗೆದು ನೋಡಿದರೆ ಎರಡನೇ ಪೇಜ್ ಜಾಗದಲ್ಲಿ ಮೊದಲನೇ ಪೇಜೇ ಇನ್ನೊಂದು ಸಲ ಕೂತಿದೆ. 512 ಬೈಟ್ ಓದದೆ ಮಾಡಿದರೆ ಎರಡೂ ಫೈಲ್ ಒಂದೇ. ಇದೇನು ಸರ್ ಮಾಯ?

ಹಳೇ_ಕನ್ಸೋಲ್

ಮಾಯ ಏನಿಲ್ಲ, ಲಿನಕ್ಸ್ 6.3ರಲ್ಲಿ, ಅಂದರೆ 2023ರ ಏಪ್ರಿಲ್‌ನಲ್ಲಿ, ರಾ ನ್ಯಾಂಡ್ ಕೋರ್‌ಗೆ (ನ್ಯಾಂಡ್ ಡ್ರೈವರ್‌ಗಳ ಹಿಂದಿನ ಸಾಮಾನ್ಯ ಕೋಡ್) ಸೀಕ್ವೆನ್ಶಿಯಲ್ ಕ್ಯಾಶ್ ರೀಡ್ (ಸಾಲು ಪೇಜ್‌ಗಳನ್ನು ಒಂದೇ ಸರಣಿಯಲ್ಲಿ ಓದೋದು) ಬಂತು. ಮುಂಚೆ ಪ್ರತಿ ಪೇಜ್‌ಗೂ 00, ಅಡ್ರೆಸ್, 30 (ಈ ಅಂಕಿಗಳು ಚಿಪ್‌ಗೆ ಕೊಡುವ ಕಮಾಂಡ್‌ಗಳು) ಕಳಿಸಿ, ಚಿಪ್ ರೆಡಿ ಆಗುವವರೆಗೂ ಕಾಯಬೇಕಿತ್ತು. ಈಗ ಉದ್ದದ ಓದಿಗೆ ಮೊದಲ ಪೇಜ್‌ನಲ್ಲಿ ಮಾತ್ರ ಅಡ್ರೆಸ್, ಆಮೇಲೆ ಬರೀ 31, ಕೊನೇ ಪೇಜ್‌ಗೆ 3ಎಫ್. ಒಂದು ದೋಸೆ ತಿನ್ನುವಾಗಲೇ ಮುಂದಿನದು ಹೆಂಚಿನ ಮೇಲಿರುವ ಹಾಗೆ, ಒಂದು ಪೇಜ್ ಹೊರಗೆ ಬರುವಾಗಲೇ ಚಿಪ್ ಮುಂದಿನದನ್ನು ಒಳಗೆ ತೆಗೆದುಕೊಳ್ಳುತ್ತದೆ. ಐಡಿಯಾ ಒಳ್ಳೇದೇ.

ತೊಂದರೆ ಇನ್ನೊಂದು ಹಳೇ ಜಾಣತನದ ಜೊತೆ ಡಿಕ್ಕಿ ಹೊಡೆದಾಗ. ಪೇಜ್‌ನ ಒಂದು ತುಂಡು ಮಾತ್ರ ಕೇಳಿದರೆ ಕೋರ್ ಪೂರ್ತಿ ಪೇಜ್ ಓದಿ ತನ್ನ ಬಫರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಮುಂದಿನ ಓದು ಅದೇ ಪೇಜ್‌ನಿಂದ ಶುರುವಾದರೆ ಚಿಪ್ ತಂಟೆಗೇ ಹೋಗದೆ ಬಫರ್‌ನಿಂದ ಕೊಡುತ್ತದೆ. ನಿಮ್ಮ 512 ಬೈಟ್ ಮಾಡಿದ್ದು ಇದನ್ನೇ. ಆಮೇಲೆ ಉದ್ದದ ಓದಿನಲ್ಲಿ ಮೊದಲ ಪೇಜ್ ಬಫರ್‌ನಿಂದ ಬಂತು, ಶುರುವಿನ 00, 30 ಚಿಪ್‌ಗೆ ಹೋಗಲೇ ಇಲ್ಲ. ಎರಡನೇ ಪೇಜ್‌ಗೆ ನೇರ 31 ಹೋಯಿತು. ಚಿಪ್ ಒಳಗೆ ಇದ್ದದ್ದು ಹಳೇ ಪೇಜ್, ಅದನ್ನೇ ಕೊಟ್ಟಿತು. ಅದರ ಇಸಿಸಿ ಬೈಟ್‌ಗಳೂ ಜೊತೆಗೇ ಬಂದವು, ಹಾಗಾಗಿ ಇಸಿಸಿ ಚಕಾರ ಎತ್ತಲಿಲ್ಲ. ನನ್ನ ಪ್ರಕಾರ ಈ ಬಗ್‌ನಲ್ಲಿ ಕೆಟ್ಟದ್ದು ಇದೇ, ಎರರ್ ಬಂದಿದ್ದರೆ ಎಷ್ಟೋ ವಾಸಿ.

ಯುಬಿಐ ಹೆಡರ್‌ಗಳು ಒಂದೊಂದು ಪೇಜ್‌ನ ಓದು, ಅದಕ್ಕೇ ಅಟ್ಯಾಚ್ ಆಗುತ್ತೆ. ಸ್ಕ್ವಾಶ್‌ಎಫ್‌ಎಸ್ ಮೊದಲು ಸೂಪರ್‌ಬ್ಲಾಕ್‌ಗೆ (ಫೈಲ್‌ಸಿಸ್ಟಮ್‌ನ ಶುರುವಿನ ವಿವರ) ಚಿಕ್ಕ ಓದು ಮಾಡಿ, ಆಮೇಲೆ ದೊಡ್ಡ ಓದಿಗೆ ಇಳಿಯುತ್ತದೆ. ಯಾವ ಪೇಜ್ ಬಫರ್‌ನಲ್ಲಿತ್ತು ಅನ್ನೋದರ ಮೇಲೆ ಫಲಿತಾಂಶ ಬದಲು.

ಇದಕ್ಕೆ ಪ್ಯಾಚ್ ಇದೆ: 'ಫಿಕ್ಸ್ ಕೋರ್ ಇಂಟರ್‌ಫಿಯರೆನ್ಸ್ ವಿತ್ ಸೀಕ್ವೆನ್ಶಿಯಲ್ ರೀಡ್ಸ್'. ಮೊದಲ ಪೇಜ್ ಬಫರ್‌ನಲ್ಲಿದ್ದರೆ ಸರಣಿಯನ್ನು ಒಂದು ಪೇಜ್ ತಡವಾಗಿ ಶುರು ಮಾಡುತ್ತದೆ. ಜೊತೆಗೇ ಇನ್ನೂ ಕೆಲವು ಬಂದವು: ಚಿಪ್ ಒಳಗೇ ಇಸಿಸಿ ಇದ್ದರೆ ಈ ಸೌಲಭ್ಯ ಬಂದ್, ಲನ್ (ಚಿಪ್ ಒಳಗಿನ ಸ್ವತಂತ್ರ ಭಾಗ) ಗಡಿ ದಾಟಬಾರದು ಅಂತ ಇನ್ನೊಂದು. ಒಂದನ್ನೇ ಹೆಕ್ಕಬೇಡಿ, 6.6ರ ಹೊಸ ಸ್ಟೇಬಲ್ ಬಿಡುಗಡೆಗೆ ಹೋಗಿ. ಬೋರ್ಡ್‌ನವರ ಟ್ರೀ ಹಳೇ ಪಾಯಿಂಟ್ ರಿಲೀಸ್‌ನಲ್ಲೇ ನಿಂತಿರುತ್ತದೆ, ಮೇಕ್‌ಫೈಲ್‌ನ ಸಬ್‌ಲೆವೆಲ್ (6.6ರ ಮುಂದಿನ ಅಂಕಿ) ನೋಡಿ.

ರಾತ್ರಿ_ಬಿಲ್ಡ್

ನಡುವೆ ಬಾಯಿ ಹಾಕ್ತಿದ್ದೀನಿ. ನನ್ನದು ಇಎಂಎಂಸಿ (ಬೇರೆ ಬಗೆಯ ಫ್ಲ್ಯಾಶ್ ಮೆಮೊರಿ), ಕರ್ನಲ್ ಬದಲಿಸಿದ ಮೇಲೆ -84, -110 ಬರ್ತಿದೆ. ಇದೇ ಪ್ಯಾಚ್ ಸಾಕಾ?

ಹಳೇ_ಕನ್ಸೋಲ್

ಇಲ್ಲ, ಅದು ಬೇರೆ ಕಥೆ. ಇಎಂಎಂಸಿ ಒಳಗೇ ಕಂಟ್ರೋಲರ್ ಇದೆ, ಎಂಟಿಡಿ ಕೋಡ್ ಅಲ್ಲಿಗೆ ಬರೋದೇ ಇಲ್ಲ. -84 ಅಂದರೆ ಸಿಆರ್‌ಸಿ ತಪ್ಪು (ಡೇಟಾ ಸಾಗುವಾಗ ಕೆಟ್ಟಿದೆ), -110 ಟೈಮ್‌ಔಟ್. ಡಿವೈಸ್ ಟ್ರೀಯಲ್ಲಿ (ಹಾರ್ಡ್‌ವೇರ್ ವಿವರದ ಫೈಲ್) ಎಚ್‌ಎಸ್200 (ವೇಗದ ಮೋಡ್) ಸಾಲು ತೆಗೆದು ನಿಧಾನದ ಮೋಡ್‌ನಲ್ಲಿ ನೋಡಿ. ಎರರ್ ನಿಂತರೆ ಟ್ಯೂನಿಂಗ್ (ಸಿಗ್ನಲ್ ಸಮಯದ ಹೊಂದಿಕೆ) ಅಥವಾ 1.8 ವೋಲ್ಟ್ ಕಡೆ ಹುಡುಕಿ. ಲಾಗ್ ಹಾಕಿ ಬೇರೆ ಪ್ರಶ್ನೆ ತೆರೆಯಿರಿ, ಇಲ್ಲಿ ಕಲಸುಮೇಲೋಗರ ಆಗುತ್ತೆ.

ಪೀಣ್ಯ_ಬೋರ್ಡ್

ಸಬ್‌ಲೆವೆಲ್ ನೋಡಿದೆ, ನೀವು ಹೇಳಿದ ಹಾಗೆ ಹಳೇದೇ. ಹೊಸ ಸ್ಟೇಬಲ್ ಮೇಲೆ ಬೋರ್ಡ್ ಪ್ಯಾಚ್‌ಗಳನ್ನು ಹತ್ತಿಸಿದೆ. 512 ಬೈಟ್ ಟೆಸ್ಟ್‌ನಲ್ಲಿ ಸಿಎಂಪಿ ಈಗ ಸುಮ್ನೆ ವಾಪಸ್ ಬರ್ತಿದೆ. ಆ ಟೆಸ್ಟ್‌ನ ಸ್ಕ್ರಿಪ್ಟ್ ಮಾಡಿ ಬಿಲ್ಡ್ ಚೆಕ್‌ಗೆ ಸೇರಿಸಿದ್ದೇನೆ. ಚಿಪ್ ಆರ್ಡರ್ ಕ್ಯಾನ್ಸಲ್.