ಸೇವ್‌ಫಿಗ್ ಕೊಟ್ಟರೂ ಫೈಲ್‌ನಲ್ಲಿ ಖಾಲಿ ಬಿಳಿ ಚಿತ್ರ

ಪ್ರಶ್ನೆ: ಪೈಥಾನ್‌ನಲ್ಲಿ ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಲೈಬ್ರರಿಯಲ್ಲಿ ಒಂದು ಲೈನ್ ಗ್ರಾಫ್ ಮಾಡಿದ್ದೇನೆ. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಪಿಎನ್‌ಜಿ ಫೈಲ್ ತೆರೆದರೆ ಮಾತ್ರ ಬರೀ ಬಿಳಿ. ಎರರ್ ಕೂಡ ಇಲ್ಲ. ಮೊದಲು ಬಿಡಿಸಲು ಪ್ಲಾಟ್, ಆಮೇಲೆ ತೋರಿಸಲು ಶೋ, ಕೊನೆಗೆ ಫೈಲ್‌ಗೆ ಉಳಿಸಲು ಸೇವ್‌ಫಿಗ್ ಬರೆದಿದ್ದೇನೆ. ನಿನ್ನೆಯಿಂದ ಇದರಲ್ಲೇ ಕೂತಿದ್ದೇನೆ, ದಾರಿ ತೋರಿಸಿ.

ಉತ್ತರ: ಕೊನೆಯ ಎರಡು ಸಾಲು ಅದಲುಬದಲಾಗಬೇಕು. ಶೋ ಕೊಟ್ಟಾಗ ವಿಂಡೋ ತೆರೆಯುತ್ತದೆ, ನೀವು ಮುಚ್ಚುವವರೆಗೆ ಕೋಡ್ ಅಲ್ಲೇ ಕಾಯುತ್ತದೆ. ಮುಚ್ಚಿದ ಮೇಲೆ ಆ ಫಿಗರ್, ಅಂದರೆ ಗ್ರಾಫ್ ಇರುವ ಹಾಳೆ, ಪೈಪ್ಲಾಟ್‌ನ (ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಈ ಆದೇಶಗಳಿರುವ ಭಾಗ, ಕೋಡ್‌ನಲ್ಲಿ ಪಿಎಲ್‌ಟಿ) ಲೆಕ್ಕದಲ್ಲಿ ಇರುವುದಿಲ್ಲ. ಆಗ ಪಿಎಲ್‌ಟಿ ಡಾಟ್ ಸೇವ್‌ಫಿಗ್ ಹೊಸ ಫಿಗರ್ ಒಂದನ್ನು ತಾನೇ ಹುಟ್ಟಿಸಿ ಅದನ್ನು ಉಳಿಸುತ್ತದೆ. ಅದರಲ್ಲಿ ಏನೂ ಇಲ್ಲ ಅಲ್ವಾ, ಅದಕ್ಕೇ ಬಿಳಿ. ಉಳಿಸುವ ಕೆಲಸ ಸರಿಯಾಗಿ ಮುಗಿಯುವುದರಿಂದ ಎರರ್ ಬರುವುದಿಲ್ಲ.

ಇನ್ನೂ ಗಟ್ಟಿ ದಾರಿ ಬೇಕೆಂದರೆ, ಸಬ್‌ಪ್ಲಾಟ್ಸ್ ಎಂಬ ಆದೇಶ ಕೊಡುವ ಫಿಗರನ್ನು ಫಿಗ್ ಎಂಬ ಹೆಸರಲ್ಲಿ ಹಿಡಿದಿಟ್ಟುಕೊಂಡು ಫಿಗ್ ಡಾಟ್ ಸೇವ್‌ಫಿಗ್ ಎಂದೇ ಬರೆಯಿರಿ. ಯಾವ ಫಿಗರ್ ಎಂಬ ಗೊಂದಲವೇ ಇರುವುದಿಲ್ಲ. ಕೋಡನ್ನು ಸೆಲ್ ಎಂಬ ತುಂಡುಗಳಲ್ಲಿ ಓಡಿಸುವ ಜುಪಿಟರ್ ನೋಟ್‌ಬುಕ್‌ನಲ್ಲಿ ಒಂದು ಸೆಲ್‌ನಲ್ಲಿ ಬಿಡಿಸಿ ಮುಂದಿನ ಸೆಲ್‌ನಲ್ಲಿ ಉಳಿಸುವವರಿಗೂ ಇದೇ ಮದ್ದು.

ಪ್ರಶ್ನೆ ಕೇಳಿದವರು: ಬಂತು! ತುಂಬಾ ಥ್ಯಾಂಕ್ಸ್. ಆದರೆ ಕೆಳಗಿನ ಲೇಬಲ್ ಅರ್ಧ ಕತ್ತರಿಸಿಹೋಗಿದೆ. ವರದಿಗೆ ಹಾಕಿದರೆ ಅಕ್ಷರ ಮಸುಕು. ಫಿಗರ್‌ನ ಅಳತೆ ಹೇಳುವ ಫಿಗ್‌ಸೈಜ್ ಜಾಸ್ತಿ ಮಾಡಲೇ?

ಉತ್ತರ: ಬೇಡ, ಅದರಿಂದ ಓದುವುದು ಇನ್ನೂ ಕಷ್ಟವಾಗುತ್ತದೆ. ಅಕ್ಷರದ ಅಳತೆ ಪಾಯಿಂಟ್‌ನಲ್ಲಿ ಇರುತ್ತದೆ, 72 ಪಾಯಿಂಟ್‌ಗೆ ಒಂದು ಇಂಚು. ಹಾಳೆ ದೊಡ್ಡದಾದರೂ ಅಕ್ಷರ ಬೆಳೆಯುವುದಿಲ್ಲ. ಆಮೇಲೆ ವರದಿಯಲ್ಲಿ ಚಿತ್ರವನ್ನು ಕುಗ್ಗಿಸಿದಾಗ ಅಕ್ಷರವೂ ಕುಗ್ಗುತ್ತದೆ. ವರದಿಯಲ್ಲಿ ಚಿತ್ರ ಎಷ್ಟು ಇಂಚು ಅಗಲ ಬೇಕೋ ಅಷ್ಟನ್ನೇ ಫಿಗ್‌ಸೈಜ್‌ಗೆ ಕೊಡಿ. ಬದಲಾಯಿಸಬೇಕಾದ್ದು ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಎಂಬುದು. ಸುಮ್ನೆ ಬಿಟ್ಟರೆ 6.4 ಇಂಚು ಅಗಲ, 4.8 ಇಂಚು ಎತ್ತರ, ಡಿಪಿಐ 100, ಅಂದರೆ 640 ಮತ್ತು 480 ಪಿಕ್ಸೆಲ್ ಅಷ್ಟೇ. 300 ಕೊಟ್ಟರೆ 1920 ಮತ್ತು 1440 ಆಗುತ್ತದೆ.

ಲೈನ್ ಗ್ರಾಫ್‌ಗೆ ನಾನಾದರೆ ಪಿಡಿಎಫ್ ಅಥವಾ ಎಸ್‌ವಿಜಿಯನ್ನೇ ಆರಿಸುತ್ತೇನೆ. ಫೈಲ್ ಹೆಸರಿನ ಕೊನೆಯ ಭಾಗ ಬದಲಿಸಿದರೆ ಸಾಕು, ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ. ಲಕ್ಷಗಟ್ಟಲೆ ಚುಕ್ಕೆಗಳ ಸ್ಕ್ಯಾಟರ್ ಇದ್ದರೆ ಮಾತ್ರ ಪಿಎನ್‌ಜಿ ವಾಸಿ, ಇಲ್ಲದಿದ್ದರೆ ಫೈಲ್ ತೆರೆಯಲು ಒದ್ದಾಡುತ್ತದೆ.

ಲೇಬಲ್‌ಗೆ, ಫಿಗರ್ ಮಾಡುವಾಗಲೇ ಲೇಔಟ್ ಅನ್ನು ಕನ್‌ಸ್ಟ್ರೇನ್ಡ್ ಎಂದು ಕೊಡಿ, ಲೇಬಲ್‌ಗೆ ಜಾಗ ತಾನೇ ಸಿಗುತ್ತದೆ. ಉಳಿಸುವಾಗ ಬಿಬಾಕ್ಸ್ ಇಂಚಸ್ ಎಂಬ ಆಯ್ಕೆಗೆ ಟೈಟ್ ಕೊಟ್ಟರೂ ಲೇಬಲ್ ಉಳಿಯುತ್ತದೆ, ಆದರೆ ಚಿತ್ರದ ಒಟ್ಟು ಅಳತೆ ಬದಲಾಗಿಬಿಡುತ್ತದೆ.

ಪ್ರಶ್ನೆ ಕೇಳಿದವರು: ಎರಡೂ ಸರಿಹೋಯಿತು. ಲೂಪ್‌ನಲ್ಲಿ 40 ಗ್ರಾಫ್ ಉಳಿಸುವಾಗ ಒಂದು ಎಚ್ಚರಿಕೆ ಬರುತ್ತಿದೆ, ಪರವಾಗಿಲ್ವಾ?

ಉತ್ತರ: 20ಕ್ಕಿಂತ ಹೆಚ್ಚು ಫಿಗರ್ ತೆರೆದೇ ಉಳಿದರೆ ಅದು ಬರುತ್ತದೆ. ಮೆಮೊರಿ ತುಂಬುತ್ತಾ ಹೋಗುತ್ತದೆ, ಬಿಡಬೇಡಿ. ಪ್ರತಿ ಸಲ ಉಳಿಸಿದ ಕೂಡಲೇ ಪಿಎಲ್‌ಟಿ ಡಾಟ್ ಕ್ಲೋಸ್‌ಗೆ ಆ ಫಿಗ್ ಕೊಟ್ಟು ಮುಚ್ಚಿ.